ಶುಭಂ ಆದ ಮೇಲೆ ಎದ್ದ ಹೀರೋ

ನನ್ನ ಗಂಡ ದುಂಡಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಅಂಥವರದು ಇಪ್ಪತ್ತೆಂಟು ವರ್ಷದಿಂದ ಒಂದೇ ಹಟ: ನಮ್ಮೂರು ಖಾನಾಪುರದ ಥೇಟರಿನಲ್ಲಿ ನೋಡಿದ ಆ ಫೈಟಿಂಗ್ ಸಿನಿಮಾದಲ್ಲಿ ಹೀರೋ ಸಾಯುತ್ತಾನಂತೆ, 'ಶುಭಂ' ಬರುತ್ತದಂತೆ, ಆಮೇಲೆ ಎದ್ದು ಇಪ್ಪತ್ತು ಜನರನ್ನು ಬಡಿದು ಬೈಕೇರಿ ಹೋಗುತ್ತಾನಂತೆ!

ಮದುವೆಯಾದ ಮೊದಲ ನಾಗರ ಪಂಚಮಿಗೆ ನನ್ನನ್ನು ತವರಿಗೆ ಕರೆದೊಯ್ಯಲು ಬೆಳಗಾವಿಯಿಂದ ಬಂದಿದ್ದ ತಮ್ಮ ಗುರುಪಾದಪ್ಪ ಇದನ್ನು ಕೇಳಿ ಊಟಕ್ಕೆ ಕೂತಲ್ಲೇ ನಕ್ಕ. "ಮಾಮಾ, ನಿಮಗ ತಲಿ ಸರಿ ಐತೇನ್ರಿ?" ಇವರು ತಾಟು ತಳ್ಳಿ ಎದ್ದರು. ಅವನು ನನ್ನನ್ನು ಬಿಟ್ಟೇ ಹೋದ. ಸಾವು-ನೋವಿಗೆ ನಾನೇ ಹೋಗಿ ಬಂದೆನೇ ಹೊರತು ಕರೆಯಲು ಯಾರೂ ಬರಲಿಲ್ಲ. ಓಣಿಯವರೆಲ್ಲ ತವರಿಗೆ ಹೋಗಿ ಜೋಕಾಲಿ ಆಡುವಾಗ ನಾನು ಇಲ್ಲಿ ಹಬ್ಬದ ಜೋಳದ ಅಳ್ಳು ಹುರಿಯುತ್ತ ಕೂತೆ.

ಈಗ ಮಗಳು ಸಮೃದ್ಧಿಯ ಮದುವೆ ಗೊತ್ತಾಗಿದೆ. ಸೋದರಮಾವನಿಲ್ಲದೆ ಮದುವೆಯೇ? ಬೆಳಗಾವಿಯ ರವಿವಾರ ಪೇಟೆಯಲ್ಲಿರುವ ತಮ್ಮನ ಮನೆಗೆ ಹೋಗಿ ಅವನನ್ನು ಎಳೆದು ತಂದೆ. ಇಬ್ಬರನ್ನೂ ಟಿವಿ ಮುಂದೆ ಕೂರಿಸಿದೆ.

"ಇವತ್ತ ಇದು ಮುಗೀಬೇಕು. ಯಾರೂ ಏಳಂಗಿಲ್ಲ."

ಸಮೃದ್ಧಿ ಸಿನಿಮಾ ಹಚ್ಚಿದಳು. ಅಬ್ಬಬ್ಬಾ, ಏನು ಸಿನಿಮಾನೋ! ಹೀರೋ ಕಾಲು ಎತ್ತುವುದಕ್ಕೆ ಮೊದಲೇ ರೌಡಿಗಳು ಹಾರಿ ಬೀಳುತ್ತಿದ್ದರು. ಆದರೂ ಈ ಇಬ್ಬರು ಡೈಲಾಗನ್ನು ಒಟ್ಟಿಗೇ ಹೇಳುತ್ತಿದ್ದರು. ಹೀರೋ ಇಪ್ಪತ್ತು ಜನರನ್ನು ಬಡಿದ, ಬೈಕೇರಿದ, ಕೊನೆಗೆ ಗುಂಡು ತಾಗಿ ಸತ್ತ. ಶುಭಂ. ಅವನು ಏಳಲಿಲ್ಲ.

ಇವರ ಮುಖ ಸಣ್ಣದಾಯಿತು. "ನಾ ಖರೇನ ನೋಡೇನವಾ," ಎಂದರು ಮಗಳಿಗೆ, ಮೆಲ್ಲಗೆ.

ತಮ್ಮ ಕುಣಿಯುತ್ತಾನೆಂದುಕೊಂಡೆ. ಅವನು ತಲೆ ತಗ್ಗಿಸಿದ್ದ.

"ಮಾಮಾ ಹೇಳೂದು ಖರೇ ಐತಿ, ಅಕ್ಕಾ. ಆಗ ಎರಡೂ ಊರಿಗೆ ಒಂದ ಪ್ರಿಂಟು. ಬೆಳಗಾವಿಯೊಳಗ ಓಡಿದ ರೀಲಿನ ಡಬ್ಬಿ ಬಸ್ಸಿನ್ಯಾಗ ಇಲ್ಲಿಗೆ ತರತಿದ್ದವ ನಾನ. ಅವತ್ತ ಆ ಫೈಟಿಂಗ್ ಇದ್ದ ರೀಲಿನ ಡಬ್ಬಿ ಬಸ್ಸಿನ್ಯಾಗ ಮರತೆ. ಮಂದಿ ಚಪ್ಪಲಿ ಒಗ್ಯಾಕ ಹತ್ತಿದ್ರು, ಆಪರೇಟರ್ ಕಡೀ ರೀಲ ಮೊದಲ ಬಿಟ್ಟ. ನಾ ಓಡಿ ಹೋಗಿ ಡಬ್ಬಿ ತಂದ ಮ್ಯಾಲ ಅದನ್ನೂ ಬಿಟ್ಟ."

"ಹೇಳಾಕ ಏನಾಗಿತ್ತೋ ನಿನಗ?"

"ಮೊದಲ ಕೆಲಸ ಹೋಗೂ ಅಂಜಿಕಿ. ಆಮ್ಯಾಲ ನಾಚಿಕಿ."

"ಆ ಥೇಟರ್ ಮುಚ್ಚಿ ಇಪ್ಪತ್ತ ವರ್ಷ ಆತಲ್ಲೋ, ಭಾಡ್ಯಾ!"

"ನೋಡ, ನಾ ಅಂದಿದ್ನಿಲ್ಲ?" ಎಂದು ಇವರು ಎದೆಯುಬ್ಬಿಸಿದರು.

"ನೀವು ಬಾಯಿ ಮುಚ್ಚಿ ಕುಂದರ್ರಿ!" ಸಿಟ್ಟಿಗೆ ನನಗೆ ಅಳುವೇ ಬಂತು. ಒಳಗೆ ಹೋಗಿ ಚೀಲಕ್ಕೆ ಎರಡು ಸೀರೆ ತುರುಕಿದೆ.

"ಪಂಚಮಿ ಇನ್ನೂ ತಿಂಗಳ ಐತಲ್ಲ?" ಇವರು ಗಾಬರಿಯಾದರು.

"ಇಪ್ಪತ್ತೆಂಟು ಆಗಿ ಹೋಗ್ಯಾವ್ರಿ. ಅನ್ನ ನೀವ ಮಾಡ್ಕೋರಿ."

ಚೀಲವನ್ನು ತಮ್ಮನ ಕೈಗೆ ಕೊಟ್ಟೆ. "ನಡಿ. ಈ ಸಲ ಬಸ್ಸಿನ್ಯಾಗ ಏನೂ ಮರೀಬ್ಯಾಡ."