ಬರ್ನ್‌ಡೇಲಿನ ನೂರಿಪ್ಪತ್ತೈದು ವರ್ಷ

ನ್ಯೂಜೆರ್ಸಿಯ ಬರ್ನ್‌ಡೇಲಿಗೆ ನೂರಿಪ್ಪತ್ತೈದು ತುಂಬುವ ವರ್ಷ, ಊರಿನ ಚರಿತ್ರೆ ಬರೆಯುವ ಕೆಲಸ ತ್ರಿಪುರಸುಂದರಿಯ ಪಾಲಿಗೆ ಬಂತು. ಮೈಸೂರಿನವಳಾದ ಅವಳು ಅಲ್ಲಿನ ಲೈಬ್ರರಿಯಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತಳಾಗಿದ್ದಳು. ಸ್ವಿಟ್ಜರ್ಲೆಂಡಿನಿಂದ ಕಸೂತಿ ಯಂತ್ರಗಳೊಡನೆ ಬಂದ ಹನ್ನೊಂದು ಕುಟುಂಬಗಳು ಊರು ಕಟ್ಟಿದ್ದು, ಅವರು ಸೇರಿ ಹಾಡುತ್ತಿದ್ದ ಸಂಘ, ಕೊನೆಗೆ ಕಾರ್ಖಾನೆ ಮುಚ್ಚಿ ಊರೆಲ್ಲ ಬೆಳಗಿನ ರೈಲು ಹಿಡಿದು ನ್ಯೂಯಾರ್ಕಿಗೆ ಓಡುವವರದೇ ಆದದ್ದು, ಎಲ್ಲವನ್ನೂ ಪ್ರೀತಿಯಿಂದ ಬರೆದಳು.

ಹಳೆಯ ಕ್ರಯಪತ್ರಗಳನ್ನು ತಿರುವುವಾಗ, ಗುಡ್ಡದ ಮೇಲಿನ ಮನೆಗಳ ಪತ್ರಗಳಲ್ಲೆಲ್ಲ ಒಂದೇ ಸಾಲು ಕಂಡಿತು: ಬಿಳಿಯರಲ್ಲದವರಿಗೆ ಈ ಮನೆ ಮಾರಕೂಡದು.

ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಲೊರೆಟಾ ಎಂಬ ಕಪ್ಪು ಜನಾಂಗದ ಮುದುಕಿ ಇದ್ದಳು. ಹುಟ್ಟಿದ್ದೂ ಅದೇ ಬೀದಿಯಲ್ಲಿ. ತ್ರಿಪುರಸುಂದರಿ ಆ ಸಾಲಿನ ಬಗ್ಗೆ ಅವಳನ್ನು ವಿಚಾರಿಸಿದಳು.

"ನನಗಾಗ ಐದು ವರ್ಷ," ಎಂದಳು ಲೊರೆಟಾ. "ಅಪ್ಪ ಇಲ್ಲಿಯ ಅಂಚೆ ಕಚೇರಿಯಲ್ಲಿದ್ದ. ಚರ್ಚಿಗೆ ಹಾಕುವ ಸೂಟು ತೊಟ್ಟು, ನನ್ನ ಕೈ ಹಿಡಿದು ಗುಡ್ಡದ ಮೇಲೆ ಮನೆ ಕೇಳಲು ಹೋದ. ಆ ಮನೆಯವನು ಬಾಗಿಲಲ್ಲೇ ನಿಲ್ಲಿಸಿ ಪತ್ರ ಓದಿ ಹೇಳಿದ. ಅಪ್ಪ ಮತ್ತೆಂದೂ ಆ ಸೂಟು ತೊಡಲಿಲ್ಲ. ಇದನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಬರೆಯುತ್ತೀಯಲ್ಲ?"

"ಬರೆಯುತ್ತೇನೆ," ಎಂದಳು ತ್ರಿಪುರಸುಂದರಿ. ಬರೆದಳು ಕೂಡ, ಒಂದು ಇಡೀ ಪುಟ.

ಕರಡು ಓದಿ ಬದರಿ ಅವಳ ಮನೆಗೇ ಬಂದ. ಧಾರವಾಡದವನು, ಊರಿನ ಕೌನ್ಸಿಲಿಗೆ ಆಯ್ಕೆಯಾದ ಮೊದಲ ಭಾರತೀಯ, ಉತ್ಸವ ಸಮಿತಿಯ ಅಧ್ಯಕ್ಷ. ಅವನ ಚುನಾವಣೆಗಾಗಿ ಅವಳು ಮನೆಮನೆ ತಿರುಗಿದ್ದಳು.

"ಅಕ್ಕಾರ, ನೀವು ಬರದದ್ದು ಖರೇ ಅದ. ಆದ್ರ ಟೈಮಿಂಗ್ ನೋಡ್ರಿ. ಹಾಡಿನ ಸಂಘದ ಖಾಲಿ ಹಾಲ್ ನಮ್ಮ ಕನ್ನಡ ಕೂಟಕ್ಕ ಬೇಕಂತ ಅಪ್ಲೈ ಮಾಡೇವಿ. ಪರವಾನಗಿ ಕೊಡೋ ಊರಿನ ಬೋರ್ಡ್‌ನ್ಯಾಗ ಕೂತವ್ರು ಯಾರು? ಅದೇ ಗುಡ್ಡದ ಮ್ಯಾಲಿನವ್ರು."

"ನೀವಿರೋದೂ ಅಲ್ಲೇ, ಬದರಿ. ನಿಮ್ಮ ಮನೆ ಪತ್ರದಲ್ಲೂ ಆ ಸಾಲಿದೆ."

"ಇರ್ಲಿ ಬಿಡ್ರಿ. ಕಾನೂನು ಅದನ್ನ ಎಂದೋ ರದ್ದು ಮಾಡೇದ. ನಾವು ಬಂದೇವಲ್ಲ! ಮುಗದ ಮಾತು ಅದು."

"ಲೊರೆಟಾಗೆ ಮಾತು ಕೊಟ್ಟಿದೀನಿ."

"ನಮ್ಮ ಮಕ್ಕಳು ಬೇಸ್‌ಮೆಂಟಿನ್ಯಾಗ ಕೂತು ಕನ್ನಡ ಕಲೀತಾವ. ನಿಮ್ಮ ಮೊಮ್ಮಗಳು ಜಾನ್ವಿನೂ ಅಲ್ಲೇ ಕೂಡತಾಳ. ಒಂದು ಪುಟದ ಸಲುವಾಗಿ ಹಾಲ್ ಕಳಕೋಬೇಕೇನ್ರಿ?"

ನಾಲ್ಕು ದಿನ ತ್ರಿಪುರಸುಂದರಿಗೆ ಊಟ ರುಚಿಸಲಿಲ್ಲ. ಮೊದಲು ಪುಟವನ್ನು ಒಂದು ವಾಕ್ಯಕ್ಕೆ ಇಳಿಸಿದಳು. ಐದನೆಯ ದಿನ ಆ ವಾಕ್ಯವನ್ನೂ ತೆಗೆದಳು. ಯಾರೂ ಅವಳ ಕೈ ಹಿಡಿದು ತೆಗೆಸಲಿಲ್ಲ.

ಸೆಪ್ಟೆಂಬರಿನ ಉತ್ಸವದಲ್ಲಿ, ಸ್ಟೇಷನ್ನಿನ ಮುಂದೆ ಮೇಜು ಹಾಕಿ ಪುಸ್ತಕಕ್ಕೆ ಸಹಿ ಹಾಕುತ್ತ ಕೂತಿದ್ದಳು. ಸಾಲಿನಲ್ಲಿ ಊರುಗೋಲು ಹಿಡಿದು ಲೊರೆಟಾ ಬಂದಳು. ನಿಂತಲ್ಲೇ ಪುಟಪುಟ ತಿರುವಿದಳು. ಹಿಂದಿದ್ದವರು ಕಾದರು.

"ಅಂಚೆ ಕಚೇರಿಯ ಚಿತ್ರವಿದೆ. ನನ್ನಪ್ಪ ಎಲ್ಲಿ?"

"ಜಾಗ ಸಾಲಲಿಲ್ಲ, ಲೊರೆಟಾ."

ಲೊರೆಟಾ ಪುಸ್ತಕ ಮೇಜಿನ ಮೇಲಿಟ್ಟು ಹೊರಟುಹೋದಳು. ಮುಂದಿನವನು "ಕಂಗ್ರಾಟ್ಸ್!" ಎಂದು ಪ್ರತಿ ಚಾಚಿದ. ತ್ರಿಪುರಸುಂದರಿ ಸಹಿ ಹಾಕಿದಳು.

ನವೆಂಬರಿನಲ್ಲಿ ಬೋರ್ಡ್ ಸೇರಿತು. ಕೂಟದ ಅರ್ಜಿಯ ವಿರುದ್ಧ ಐದು ಮತ, ಪರವಾಗಿ ಎರಡು. ಪಾರ್ಕಿಂಗ್ ಸಾಲದು ಎಂಬುದು ಕಾರಣ. ಆ ಹಾಲ್ ಇರುವ ಬೀದಿಯುದ್ದಕ್ಕೂ, ಕೂಟ ಸೇರುವ ಭಾನುವಾರ, ಒಂದು ಕಾರೂ ನಿಂತಿರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಬದರಿ ಎದ್ದುಹೋಗಿ ಐವರ ಕೈಯನ್ನೂ ಕುಲುಕಿ ಬಂದ. "ಬೇಜಾರ್ ಮಾಡ್ಕೋಬ್ಯಾಡ್ರಿ ಅಕ್ಕಾರ. ಮುಂದಿನ ವರ್ಷ ಮತ್ತ ಅಪ್ಲೈ ಮಾಡೋಣ," ಎಂದ.

ಮರುದಿನ ಬೆಳಿಗ್ಗೆ ಅವಳು ಲೊರೆಟಾಳ ಮನೆಗೆ ಹೋದಳು. ಲೊರೆಟಾ ಜಾಲರಿ ಬಾಗಿಲಿನ ಆಚೆಯೇ ನಿಂತಳು. ತ್ರಿಪುರಸುಂದರಿ ಎಲ್ಲ ಹೇಳಿದಳು: ಜಾಗ ಸಾಲದ್ದಲ್ಲ, ಕೂಟಕ್ಕೆ ಹಾಲ್ ಸಿಗುವ ಆಸೆಗೆ ತಾನೇ ತೆಗೆದದ್ದು, ಈಗ ಆ ಪುಟವನ್ನು ಅಚ್ಚು ಹಾಕಿಸಿ ಮನೆಮನೆಗೆ ತಾನೇ ಹಂಚಲಿರುವುದು.

ಲೊರೆಟಾ ಪೂರ್ತಿ ಕೇಳಿಸಿಕೊಂಡಳು.

"ನಿನ್ನೆ ಅವರು ಒಪ್ಪಿದ್ದರೆ, ಇವತ್ತು ಬರುತ್ತಿದ್ದೆಯಾ?"

ಬರುತ್ತಿದ್ದೆ ಎನ್ನಲು ತ್ರಿಪುರಸುಂದರಿ ಬಾಯಿ ತೆರೆದಳು. ಆದರೆ ಒಂದು ಹೆಜ್ಜೆ ಹಿಂದೆ ಸರಿದಳು.

"ಚಳಿ ಇದೆ, ಮನೆಗೆ ಹೋಗು," ಎಂದು ಲೊರೆಟಾ ಒಳಬಾಗಿಲನ್ನೂ ಮುಚ್ಚಿದಳು.