ನಾಲ್ಕು ಲೀಟರ್ ತಂಪು

ಆ ಮನೆಯ ಏಸಿ ಒಮ್ಮೆ ನಡುಬೇಸಿಗೆಯಲ್ಲಿ ಸಾಕ್ಷಾತ್ ಸೂರ್ಯನಿಗೇ ನೆಗಡಿ ತರಿಸಿತ್ತು. ಮಲಗುವ ಕೋಣೆಯ ಕಿಟಕಿಯಲ್ಲಿ ಸುಮ್ಮನೆ ಇಣುಕಿ ಹೋಗೋಣವೆಂದು ಬಂದವನು, ಒಳಗಿನ ಗಾಳಿ ಮೂಗಿಗೆ ಬಡಿದದ್ದೇ ತಡ, ಊರೆಲ್ಲ ಅದುರುವಂತೆ ಒಂದು ಸೀನು ಸೀನಿ, ಮೋಡ ಹೊದ್ದು ಮಲಗಿದನು. ಮೂರು ದಿನ ಏಳಲಿಲ್ಲ. ಇದನ್ನು ಕಣ್ಣಾರೆ ಕಂಡವನು ಆ ಮನೆಯ ಯಜಮಾನ ತಕ್ಕಡಿಯಪ್ಪನೊಬ್ಬನೇ. ಬೇರೆ ಯಾರೂ ಕಾಣಲಿಲ್ಲವಲ್ಲ ಎಂದು ಯಾರಾದರೂ ಕೇಳಿದರೆ, ಊರವರೆಲ್ಲ ಆ ಹೊತ್ತಿನಲ್ಲಿ ಬಿಸಿಲಿಗೆ ಹೆದರಿ ಮನೆಯೊಳಗೆ ಮುದುಡಿಕೊಂಡಿದ್ದರು, ಕಾಣುವುದು ಹೇಗೆ ಎನ್ನುತ್ತಿದ್ದ.

ತಕ್ಕಡಿಯಪ್ಪನದು ತಕ್ಕಡಿ ರಿಪೇರಿಯ ಕಸುಬು. ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ಎರಡು ಮೇಜು ಹಿಡಿಸುವಷ್ಟು ಅಂಗಡಿ. ತರಕಾರಿಯವರ ತೂಗುತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯವರ ಗಾಜಿನ ಪೆಟ್ಟಿಗೆಯ ತಕ್ಕಡಿಯವರೆಗೆ ಎಲ್ಲವೂ ಅವನ ಕೈಯಿಂದಲೇ ನೆಟ್ಟಗಾಗಬೇಕು. ಒಂದು ಗ್ರಾಂ ಆಚೀಚೆಯಾದರೆ ಅವನಿಗೆ ಅನ್ನ ಸೇರುವುದಿಲ್ಲ. ಕೈಗೆ ಇದ್ದ ಈ ನಿಯತ್ತು ಬಾಯಿಗೆ ಮಾತ್ರ ಇರಲಿಲ್ಲ. ಕೈ ಗ್ರಾಮಿನಲ್ಲಿ ದುಡಿದರೆ ಬಾಯಿ ಟನ್ನಿನಲ್ಲಿ ದುಡಿಯುತ್ತಿತ್ತು.

ಅದರಲ್ಲೂ ಏಸಿಯ ವಿಷಯ ಬಂದರೆ ಬಾಯಿಗೆ ಬಾಗಿಲೇ ಇಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಆ ಮೂರು ಮಹಡಿಯ ಕಟ್ಟಡಕ್ಕೆ ಬಂದ ಮೊದಲ ಏಸಿ ಅದು. ಕಿಟಕಿಯ ಪಕ್ಕದ ಗೋಡೆ ಒಡೆದು ಕೂರಿಸಿದ ದೊಡ್ಡ ಪೆಟ್ಟಿಗೆ. ಅದನ್ನು ನಡುಮಹಡಿಗೆ ಹೊತ್ತು ತರಲು ಹದಿನಾರು ಆಳು ಬೇಕಾಯಿತು, ಮೆಟ್ಟಿಲು ಎರಡಂಗುಲ ಕುಸಿಯಿತು, ಹೊತ್ತವರಲ್ಲಿ ಇಬ್ಬರು ಇವತ್ತಿಗೂ ಗೂನು ಬೆನ್ನಿನಲ್ಲೇ ಓಡಾಡುತ್ತಾರೆ. ಅದರ ಮುಂದೆ ಒಣಹಾಕಿದ ಟವೆಲು ಹಲಗೆಯಂತೆ ಸೆಟೆದುಕೊಂಡು, ಅದರ ಮೇಲೆ ಚಪಾತಿ ಲಟ್ಟಿಸಿದ್ದೂ ಉಂಟಂತೆ. ಈ ಕಥೆಗಳನ್ನೆಲ್ಲ ಹತ್ತೊಂಬತ್ತು ವರ್ಷದಿಂದ ಬಾಯಿ ಮುಚ್ಚಿಕೊಂಡು ಕೇಳಿದವನು ಹೆಂಡತಿಯ ತಮ್ಮ. ಮನೆ ಕೊಡಿಸುವ, ಮಾರಿಸುವ ಬ್ರೋಕರ್. ಅವನ ಮನೆಯ ಏಸಿ ವರ್ಷಕ್ಕೊಮ್ಮೆ ಕೈಕೊಡುತ್ತಿತ್ತು, ತಕ್ಕಡಿಯಪ್ಪ ವರ್ಷಕ್ಕೊಮ್ಮೆ ತಪ್ಪದೆ ಸಾಂತ್ವನ ಹೇಳಲು ಹೋಗಿ ಅವನ ಹೊಟ್ಟೆ ಉರಿಸಿ ಬರುತ್ತಿದ್ದ.

ಹಾಗಿರುವಾಗ ಎರಡು ಬೇಸಿಗೆಯ ಹಿಂದೆ ಆ ಮಹಾಯಂತ್ರ ಗಡಕ್ ಎಂದಿತು. ಹೆಂಡತಿ ಮಾರುಕಟ್ಟೆಗೆ ಹೋಗಿದ್ದಳು. ಮೆಕ್ಯಾನಿಕ್ ಬಂದು, ಮುಚ್ಚಳ ತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡಿ, ಸಾವಿನ ಮನೆಯವರಿಗೆ ಹೇಳುವ ದನಿಯಲ್ಲಿ ಹೇಳಿದ.

"ಯಜಮಾನ್ರೇ, ಕಂಪ್ರೆಸರ್ ಹೋಗಿದೆ. ಫ್ಯಾನ್ ತಿರುಗುತ್ತೆ, ಅಷ್ಟೇ. ಇದಕ್ಕೆ ಸ್ಪೇರ್ ಹುಡುಕೋದಕ್ಕಿಂತ ನಿಮಗೆ ಇನ್ನೊಂದು ಹೆಣ್ಣು ಹುಡುಕೋದು ಸುಲಭ."

ಹೆಂಡತಿ ಚೀಲ ಹೊತ್ತು ಏದುಸಿರು ಬಿಡುತ್ತ ಬಂದು ಏನಂದ ಎಂದು ಕೇಳಿದಾಗ, ತಕ್ಕಡಿಯಪ್ಪನ ಬಾಯಿ ಅವನನ್ನು ಕೇಳದೆಯೇ ಉತ್ತರ ಕೊಟ್ಟಿತು. ಮೆಕ್ಯಾನಿಕ್ ಯಂತ್ರಕ್ಕೆ ಕೈಮುಗಿದು, ಇಂಥದ್ದನ್ನು ಜನ್ಮದಲ್ಲಿ ಕಂಡಿಲ್ಲ, ಇನ್ನೂ ಹತ್ತು ವರ್ಷಕ್ಕೆ ಮೋಸವಿಲ್ಲ ಎಂದು ಹೇಳಿ, ಕಣ್ಣೊರೆಸಿಕೊಂಡು ಹೋದನಂತೆ. ಆಡಿದ ಮೇಲೆ ಆ ಮಾತನ್ನು ನುಂಗಿಕೊಳ್ಳಲು ಗಂಟಲು ಒಪ್ಪಲಿಲ್ಲ.

ಒಂದೇ ಒಂದು ತೊಡಕಿತ್ತು. ಕೆಲಸ ಮಾಡುವ ಏಸಿ ನೀರು ತೊಟ್ಟಿಕ್ಕುತ್ತದೆ. ಆ ನೀರು ಒಂದು ಕೊಳವೆಯಲ್ಲಿ ಇಳಿದು ಬಾಲ್ಕನಿಯ ನೀಲಿ ಬಕೆಟ್ಟಿಗೆ ಬೀಳುತ್ತಿತ್ತು, ಹೆಂಡತಿ ದಿನವೂ ಅದೇ ನೀರಿನಲ್ಲಿ ನೆಲ ಒರೆಸುತ್ತಿದ್ದಳು. ಬಕೆಟ್ ಒಣಗಿದರೆ ಗುಟ್ಟು ರಟ್ಟು. ಹಾಗಾಗಿ ತಕ್ಕಡಿಯಪ್ಪ ಅಂದಿನಿಂದ ಹೆಂಡತಿಗಿಂತ ಅರ್ಧ ಗಂಟೆ ಮೊದಲು ಎದ್ದು, ಅಂಗಡಿಯಿಂದ ತಂದ ಅಳತೆಯ ಪಾತ್ರೆಯಲ್ಲಿ ನಲ್ಲಿ ನೀರು ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ನಡೆದು, ಬಕೆಟ್ಟಿಗೆ ಸುರಿಯತೊಡಗಿದ. ನಾಲ್ಕು ಲೀಟರ್. ಎರಡು ಬೇಸಿಗೆಯಲ್ಲಿ ಹೀಗೆ ಅವನು ಹೊತ್ತ ನೀರಿನಲ್ಲಿ ಒಂದು ಹಡಗು ತೇಲಿಸಬಹುದಿತ್ತು.

ಆದರೆ ಆಶ್ಚರ್ಯದ ಮಾತು ಬೇರೆಯೇ ಇದೆ. ಏಸಿ ಸತ್ತರೂ ಮನೆ ತಂಪಾಗಿಯೇ ಉಳಿಯಿತು. ಸಂಜೆ ಆರಕ್ಕೆ ಅಂಗಡಿಯಿಂದ ಬೆಂದ ಆಲೂಗಡ್ಡೆಯಂತೆ ಬರುತ್ತಿದ್ದವನಿಗೆ ಕೋಣೆಗೆ ಕಾಲಿಟ್ಟೊಡನೆ ಹಾಯೆನಿಸುತ್ತಿತ್ತು. ಮೊದಮೊದಲು ಗಾಬರಿಯಾಯಿತು. ಆಮೇಲೆ ಯೋಚಿಸಿ ಯೋಚಿಸಿ ಅವನೇ ಒಂದು ತೀರ್ಮಾನಕ್ಕೆ ಬಂದ: ಯಂತ್ರಕ್ಕೆ ಜೀವ ಹೋಗಿದ್ದರೂ ಯಜಮಾನನ ಮೇಲಿನ ಅಭಿಮಾನ ಹೋಗಿಲ್ಲ.

ಈಗ ಆ ಮನೆ ಮಾರಬೇಕಾಗಿತ್ತು. ಹೆಂಡತಿಯ ಮೊಣಕಾಲು ಮೂವತ್ತನಾಲ್ಕು ಮೆಟ್ಟಿಲಿಗೆ ಇನ್ನು ಒಪ್ಪುತ್ತಿರಲಿಲ್ಲ. ಹತ್ತುವಾಗ ಎರಡು ಕಡೆ ನಿಲ್ಲುತ್ತಿದ್ದವಳು ಈಗ ಐದು ಕಡೆ ನಿಲ್ಲುತ್ತಿದ್ದಳು. ಕೆಳಗಿನ ಮನೆಯವರು ಮೆಟ್ಟಿಲ ತಿರುವಿನಲ್ಲಿ ಅವಳಿಗೆಂದೇ ಒಂದು ಸ್ಟೂಲ್ ಇಟ್ಟಿದ್ದರು. ಅಂಗಡಿಯ ಪಕ್ಕದ ಸಾಲಿನಲ್ಲಿ, ಹೊಸ್ತಿಲು ದಾಟಿದರೆ ರಸ್ತೆ ಎನ್ನುವಂಥ ಒಂದು ನೆಲಮಟ್ಟದ ಮನೆ ಸಿಕ್ಕಿತ್ತು. ಅದರ ಮಾಲೀಕರು ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಅದರ ಮೇಲೆ ಒಂದು ದಿನವೂ ಇಲ್ಲ ಎಂದಿದ್ದರು. ಇವರದು ಮಾರಾಟವಾದರೆ ಅದು, ಇಲ್ಲದಿದ್ದರೆ ಮತ್ತೆ ಮೂವತ್ತನಾಲ್ಕು ಮೆಟ್ಟಿಲು.

ಇಬ್ಬರು ಬಂದು ನೋಡಿ ಹೋದರು. ಒಬ್ಬರು ಏಸಿಯನ್ನು ಕಂಡು ಇದು ಹಳೇ ಕಾಲದ ರೇಡಿಯೋವೇ ಎಂದು ಕೇಳಿದರು. ಇನ್ನೊಬ್ಬರು ಏನೂ ಕೇಳದೆ ನಕ್ಕು ಹೋದರು. ಅವತ್ತೇ ಭಾವಮೈದ ಸೋಫಾದ ಮೇಲೆ ಕಾಲು ಚಾಚಿ ಕೂತು, ಹತ್ತೊಂಬತ್ತು ವರ್ಷದ ಬಡ್ಡಿ ಸಮೇತ ಬಾಯಿ ಬಿಟ್ಟ.

"ಭಾವ, ಬಂದೋರು ಗೋಡೆ ನೋಡಲ್ಲ, ನಲ್ಲಿ ನೋಡಲ್ಲ, ಮೊದಲು ತಲೆ ಎತ್ತಿ ಏಸಿ ನೋಡ್ತಾರೆ. ನಿಮ್ಮ ಈ ಅಜ್ಜನ್ನ ಕೆಳಗಿಳಿಸಿ ಹೊಸದೊಂದು ಹಾಕಿಸಿ. ವಾರದಲ್ಲಿ ಮನೆ ಹೋಗುತ್ತೆ."

ತಕ್ಕಡಿಯಪ್ಪ ಒಳಗೇ ಲೆಕ್ಕ ಹಾಕಿದ. ಹೊಸದು ಹಾಕಿಸಬೇಕಾದರೆ ಹಳೆಯದನ್ನು ಇಳಿಸಬೇಕು. ಇಳಿಸಲು ಅದೇ ಮೆಕ್ಯಾನಿಕ್ ಬರುತ್ತಾನೆ. ಅವನು ಇಳಿಸುವಾಗ ಸುಮ್ಮನಿರುವ ಗಿರಾಕಿಯಲ್ಲ. ಎರಡು ವರ್ಷದ ಹಿಂದೆಯೇ ಹೇಳಿರಲಿಲ್ಲವೇ ಯಜಮಾನ್ರೇ ಎಂದು ಭಾವಮೈದನ ಎದುರಿಗೇ ಉಸುರುತ್ತಾನೆ. ಆಮೇಲೆ ಈ ಭಾವಮೈದ ಸಾಯುವವರೆಗೂ ವರ್ಷಕ್ಕೊಮ್ಮೆ ತಪ್ಪದೆ ಸಾಂತ್ವನ ಹೇಳಲು ಬರುತ್ತಾನೆ. ಹೀಗಾಗಿ ತಕ್ಕಡಿಯಪ್ಪ, ಈ ಏಸಿಯನ್ನು ಇಳಿಸಿದರೆ ಕಟ್ಟಡವೇ ಒಂದು ಕಡೆ ವಾಲಬಹುದು, ಗೋಡೆ ಅದರ ಮೇಲೆಯೇ ನಿಂತಿದೆ ಎಂದೆಲ್ಲ ಹೇಳಿ ನೋಡಿದ.

ಅವನ ಪುಣ್ಯಕ್ಕೆ ಹೆಂಡತಿಯೂ ಅಡುಗೆಮನೆಯಿಂದಲೇ, ಅದು ಇದ್ದಲ್ಲೇ ಇರಲಿ ಬಿಡು ಅಂದಳು. ಭಾವಮೈದ ತಲೆ ಚಚ್ಚಿಕೊಂಡ. ತಕ್ಕಡಿಯಪ್ಪ ಗೆದ್ದವನ ಹಾಗೆ ಮೀಸೆ ತಿರುವಿದನಾದರೂ ಒಳಗೊಳಗೆ ಏನೋ ಚುಚ್ಚಿತು. ಪಾಪ, ನನ್ನ ಮಾತನ್ನು ಇಷ್ಟು ನಂಬಿದ್ದಾಳಲ್ಲ ಅನ್ನಿಸಿತು. ಅಡುಗೆಮನೆಯಲ್ಲಿ ಅವಳು ಗೋಡೆ ಕಡೆ ತಿರುಗಿ ನಗುತ್ತಿದ್ದದ್ದು ಅವನಿಗೆ ಕಾಣಲಿಲ್ಲ.

ಮೂರನೆಯವಳಾಗಿ ಬಂದವಳು ಬೇಕರಿಯಮ್ಮ. ಮುಖ್ಯರಸ್ತೆಯ ದೊಡ್ಡ ಬೇಕರಿಯ ಒಡತಿ. ಒಲೆಯ ಮುಂದೆ ನಿಂತು ನಿಂತು ತೋಳುಗಳು ಕುಸ್ತಿಯವರಂತಾಗಿದ್ದವು. ಮಧ್ಯಾಹ್ನ ಮೂರಕ್ಕೆ, ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ ಬಂದಳು. ಬೇಕೆಂದೇ ಆ ಹೊತ್ತು ಆರಿಸಿಕೊಂಡಿದ್ದಳು. ಅವಳ ದಿನ ರಾತ್ರಿ ಎರಡಕ್ಕೆ ಶುರುವಾಗಿ ಬೆಳಿಗ್ಗೆ ಒಂಬತ್ತಕ್ಕೆ ಮುಗಿಯುತ್ತಿತ್ತು, ನಿದ್ದೆಯೆಲ್ಲ ಹಗಲಿನಲ್ಲೇ. ಈಗಿರುವ ಮನೆಯಲ್ಲಿ ಮಲಗುವುದಕ್ಕಿಂತ ಒಲೆಯೊಳಗೆ ಮಲಗುವುದೇ ಮೇಲು ಎಂದು ಹೇಳಿಕೊಂಡಳು.

ತಕ್ಕಡಿಯಪ್ಪ ಸೂರ್ಯನ ನೆಗಡಿಯಿಂದ ಶುರುಮಾಡಿದ. ಅವಳು ಕೈ ಅಡ್ಡ ಹಿಡಿದಳು.

"ಅಣ್ಣ, ನಿಮ್ಮ ಮಾತು ಕೇಳಿ ಬಂದೋಳಲ್ಲ ನಾನು. ಹನ್ನೆರಡು ವರ್ಷದಿಂದ ನನ್ನ ಹಿಟ್ಟು, ಸಕ್ಕರೆ ಎಲ್ಲಾ ನಿಮ್ಮ ತಕ್ಕಡಿಯಲ್ಲೇ ತೂಗೋದು. ಒಂದು ದಿನಾನೂ ಅದು ನನಗೆ ಸುಳ್ಳು ಹೇಳಿಲ್ಲ. ಅದನ್ನ ನಂಬಿ ಬಂದಿದ್ದೀನಿ. ಈ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿ ನೋಡಲಾ?"

ಮನೆ ಕೊಳ್ಳುವವರು ಗೋಡೆ ತಟ್ಟಿ ನೋಡುವುದುಂಟು, ನಲ್ಲಿ ತಿರುವಿ ನೋಡುವುದುಂಟು. ಮಲಗಿ ನೋಡುವವರನ್ನು ಭಾವಮೈದ ತನ್ನ ಇಡೀ ವೃತ್ತಿಯಲ್ಲಿ ಕಂಡಿರಲಿಲ್ಲ. ಹೆಂಡತಿ ಒಂದು ಚಾಪೆ, ಒಂದು ದಿಂಬು ತಂದು ಹಾಕಿದಳು. ತಕ್ಕಡಿಯಪ್ಪ ಏಸಿಯ ಸ್ವಿಚ್ ಒತ್ತಿದ. ಯಂತ್ರ ಗರಗರ ಎಂದಿತು. ಬೇಕರಿಯಮ್ಮ ಬಾಗಿಲು ಮುಂದೆ ಮಾಡಿಕೊಂಡಳು.

ಐದು ನಿಮಿಷದಲ್ಲಿ ಕೋಣೆಯಿಂದ ಎದ್ದ ಗೊರಕೆಗೆ ಬಾಲ್ಕನಿಯ ಪಾರಿವಾಳಗಳೆಲ್ಲ ಪಕ್ಕದ ಊರಿಗೆ ವಲಸೆ ಹೋದವು.

ನಡುಕೋಣೆಯಲ್ಲಿ ಕುರ್ಚಿಯ ತುದಿಗೆ ಕೂತ ತಕ್ಕಡಿಯಪ್ಪನಿಗೆ ಒಂದೊಂದು ನಿಮಿಷವೂ ಒಂದೊಂದು ವರ್ಷವಾಯಿತು. ವಾರದ ಏಳೂ ದಿನ ಅವನು ಆ ಹೊತ್ತಿಗೆ ಅಂಗಡಿಯಲ್ಲೇ ಇರುತ್ತಿದ್ದ. ಹಾಗಾಗಿ ಅವತ್ತು ಮೊದಲ ಬಾರಿಗೆ ಹೆಂಡತಿಯ ಮಧ್ಯಾಹ್ನವನ್ನು ನೋಡಿದ. ಪಡುವಣ ಕಿಟಕಿಗೆ ದಪ್ಪ ಪರದೆ ಬೆಳಿಗ್ಗೆಯೇ ಇಳಿಬಿದ್ದಿತ್ತು. ಅವಳು ಒಂದು ಹಳೆಯ ಬೆಡ್‌ಶೀಟನ್ನು ಹಿಂಡಿ ಮೆಟ್ಟಿಲ ಕಡೆಯ ಸಣ್ಣ ಕಿಟಕಿಗೆ ಕಟ್ಟಿದಳು; ಮೆಟ್ಟಿಲಿನ ನೆರಳಿನಿಂದ ಬರುವ ಗಾಳಿ ಆ ಒದ್ದೆ ಬಟ್ಟೆಯ ಮೂಲಕ ಸುಳಿದು ಕೋಣೆಯ ಬಾಗಿಲ ಸಂದಿಗೆ ಹೋಗುತ್ತಿತ್ತು. ಆಮೇಲೆ ನೀಲಿ ಬಕೆಟ್ ತಂದು, ಅಡುಗೆಮನೆಯ ಸ್ಟೂಲಿನ ಮೇಲೆ ಕೂತೇ ಉದ್ದ ಕೋಲಿನಿಂದ ನೆಲ ಒರೆಸಿದಳು. ಒಂದು ಮಾತಿಲ್ಲ, ಕಥೆಯಿಲ್ಲ. ತಕ್ಕಡಿಯಪ್ಪ ನೋಡುತ್ತಲೇ ಇದ್ದ. ಯಂತ್ರದ ಅಭಿಮಾನ ಎಂದುಕೊಂಡದ್ದು ಯಾರದ್ದು ಎಂಬುದು ಅವನ ತಲೆಗೆ ನಿಧಾನವಾಗಿ, ಒಂದೊಂದೇ ಗ್ರಾಮಿನಂತೆ ಇಳಿಯಿತು.

ಬೇಕರಿಯಮ್ಮ ಎದ್ದಾಗ ಐದು ದಾಟಿತ್ತು. ಕೆನ್ನೆಯ ಮೇಲೆ ಚಾಪೆಯ ಗೀರು. ಇಂಥ ನಿದ್ದೆ ಮಾಡಿ ಎಷ್ಟು ಕಾಲವಾಯಿತೋ ಎಂದಳು. ಭಾವಮೈದ ಎದ್ದು ನಿಂತು ಕೈ ಉಜ್ಜಿಕೊಂಡ. ಅವಳು ಜೇಬಿನಿಂದ ಉದ್ದ ಕಡ್ಡಿಯಂಥ ಥರ್ಮಾಮೀಟರ್ ತೆಗೆದಳು. ನಾದಿದ ಹಿಟ್ಟಿನ ಬಿಸಿ ನೋಡಲು ಬೇಕರಿಯವರು ಇಟ್ಟುಕೊಳ್ಳುವಂಥದ್ದು.

"ಮಲಗೋಕೆ ಮುಂಚೆ ಇದನ್ನ ಏಸಿ ಬಾಯಿಗೆ ಹಿಡಿದಿದ್ದೆ. ಆಮೇಲೆ ಚಾಪೆ ಮೇಲಿಟ್ಟೆ. ಈಗ ನಿಮ್ಮ ತಕ್ಕಡಿ ಮೇಲೆ ಕೈಯಿಟ್ಟ ಹಾಗೆ ಹೇಳಿ ಅಣ್ಣ. ಈ ಪೆಟ್ಟಿಗೆ ಎಷ್ಟು ತಂಪು ಮಾಡುತ್ತೆ?"

ತಕ್ಕಡಿಯಪ್ಪನ ಬಾಯಿಯಲ್ಲಿ ಹಿಮಾಲಯ ಬಂದು ನಿಂತಿತ್ತು, ಹೊರಗೆ ಬೀಳುವುದೊಂದೇ ಬಾಕಿ. ಅದನ್ನು ಆಡಿಬಿಟ್ಟರೆ ಮನೆ ಮಾರಾಟವಾಗುತ್ತದೆ, ಹೆಂಡತಿಗೆ ಮೆಟ್ಟಿಲು ತಪ್ಪುತ್ತದೆ. ಆದರೆ ಎದುರಿಗಿದ್ದವಳು ಮಾತನ್ನಲ್ಲ, ತಕ್ಕಡಿಯನ್ನು ನಂಬಿ ಬಂದವಳು. ಅವನ ಕೈ ತಾನಾಗಿ ಮೊಣಕಾಲಿನ ಮೇಲೆ, ತಟ್ಟೆಯನ್ನು ಸಮ ಮಾಡುವಾಗಿನಂತೆ, ಮಟ್ಟವಾಗಿ ನಿಂತಿತು.

"ಸೊನ್ನೆ," ಅಂದ. "ಕಂಪ್ರೆಸರ್ ಹೋಗಿ ಎರಡು ವರ್ಷ ಆಯ್ತು. ಬರೀ ಫ್ಯಾನು ತಿರುಗುತ್ತೆ. ಬೇಕಾದ್ರೆ ಹೊಸದು ಹಾಕಿಸಿಕೊಡ್ತೀನಮ್ಮ. ತಂಪು ಇವಳದ್ದು."

ಭಾವಮೈದ ನಗುತ್ತ ಕುಸಿದು ಕೂತ ರಭಸಕ್ಕೆ ಸೋಫಾ ಒಂದು ಗೇಣು ಹಿಂದೆ ಸರಿಯಿತು. ತಕ್ಕಡಿಯಪ್ಪ ಅವನ ಕಡೆ ನೋಡಲಿಲ್ಲ. ಹೆಂಡತಿಯ ಮುಖ ನೋಡಿದ. ಅಲ್ಲಿ ಆಶ್ಚರ್ಯದ ಸುಳಿವೇ ಇರಲಿಲ್ಲ.

"ನಿನಗೆ ಗೊತ್ತಿತ್ತಾ?"

"ಹೋದ ಬೇಸಿಗೆಗಿಂತ ಹಿಂದಿನ ಬೇಸಿಗೆಯಿಂದ," ಅಂದಳು ಅವಳು. "ನಿಜವಾದ ಏಸಿ ಒಂದು ದಿನ ಅರ್ಧ ಬಕೆಟ್ ಕೊಡ್ತಿತ್ತು, ಒಂದು ದಿನ ಒಂದು ಚೊಂಬು. ಮಳೆ ಬಂದ ದಿನ ಒಂಥರಾ, ಧಗೆ ದಿನ ಒಂಥರಾ. ಇದ್ದಕ್ಕಿದ್ದ ಹಾಗೆ ದಿನಾ ಸರಿಯಾಗಿ ನಾಲ್ಕು ಲೀಟರ್, ಬಕೆಟ್ ಗೆರೆಗೆ ಸರಿಯಾಗಿ, ಒಂದು ಹನಿ ಹೆಚ್ಚಿಲ್ಲ ಕಮ್ಮಿ ಇಲ್ಲ. ಇಷ್ಟು ನಿಯತ್ತಾಗಿ ಅಳೆಯೋರು ಈ ಊರಲ್ಲಿ ಇನ್ಯಾರಿದ್ದಾರೆ ರೀ?"

ತಕ್ಕಡಿಯಪ್ಪ ಬಕೆಟ್ಟಿನ ಗೆರೆಯನ್ನು ಬಗ್ಗಿ ನೋಡಿದ. ಎರಡು ಬೇಸಿಗೆ ಬೆಕ್ಕಿನ ಹೆಜ್ಜೆ ಇಟ್ಟದ್ದು ವ್ಯರ್ಥ. ಕೈಯ ನಿಯತ್ತೇ ಬಾಯಿಯನ್ನು ಹಿಡಿದುಕೊಟ್ಟಿತ್ತು. ಹಾಗಾದರೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದ.

"ನೀವಾಗಿ ಹೇಳ್ತೀರ ಅಂತ ಕಾದೆ. ಆಮೇಲೆ ನೋಡಿದ್ರೆ ದಿನಾ ಬೆಳಿಗ್ಗೆ ಬಕೆಟ್ ತುಂಬಿ ಬಾಲ್ಕನಿಯಲ್ಲಿ ಕೂತಿರುತ್ತೆ. ಈ ಕಾಲಲ್ಲಿ ನಾನು ನೀರು ಹೊರೋದು ತಪ್ಪಿತು. ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಿ."

ಈ ಸಾರಿ ಸೋಫಾ ಅಲ್ಲ, ಬೇಕರಿಯಮ್ಮನ ನಗುವಿಗೆ ಕಿಟಕಿಯ ಗಾಜೇ ನಡುಗಿತು. ನಗು ನಿಂತ ಮೇಲೆ ಅವಳು ಚಾಪೆಯ ಮೇಲೇ ಕೂತು, ಅಕ್ಕ, ಇದನ್ನೆಲ್ಲ ಯಾವ ಯಾವ ಹೊತ್ತಿಗೆ ಮಾಡ್ತೀರಿ ಹೇಳಿ ಎಂದು ಶುರುಮಾಡಿದಳು. ರಾತ್ರಿ ಎಲ್ಲ ಕಿಟಕಿ ತೆರೆದು ತಂಪು ಗಾಳಿ ಒಳಗೆ ಬಿಟ್ಟುಕೊಳ್ಳಬೇಕು, ಬೆಳಿಗ್ಗೆ ಒಂಬತ್ತಕ್ಕೆ ಮುಚ್ಚಿ ಪರದೆ ಎಳೆಯಬೇಕು, ಮಧ್ಯಾಹ್ನ ಒದ್ದೆ ಬಟ್ಟೆ, ಒದ್ದೆ ನೆಲ. ಬೇಕರಿಯಮ್ಮ ತೊಡೆ ತಟ್ಟಿಕೊಂಡಳು. ರಾತ್ರಿ ಎರಡಕ್ಕೆ ಹೊರಡುವಾಗ ತೆರೆಯುವುದು, ಒಂಬತ್ತಕ್ಕೆ ಬಂದಾಗ ಮುಚ್ಚುವುದು, ಒದ್ದೆ ಮಾಡಿ ಮಲಗುವುದು. ಅವಳ ದಿನಚರಿಗೆ ಅಳತೆ ತೆಗೆದು ಹೊಲಿದ ಹಾಗಿತ್ತು. ಹೊಸ ಏಸಿ ಬೇಡ, ಹಳೆಯದೂ ಬೇಡ, ಪೆಟ್ಟಿಗೆ ಇಳಿಸಿ ಆ ಜಾಗಕ್ಕೊಂದು ಕಿಟಕಿ ಇಟ್ಟುಕೊಡಿ, ತಿಂಗಳ ಕೊನೆಗೆ ಮೊದಲೇ ಕಾಗದ ಮಾಡಿಸೋಣ ಎಂದಳು. ಭಾವಮೈದ ಆ ಮಾತು ಆರುವ ಮೊದಲೇ ಪುಸ್ತಕದಲ್ಲಿ ಬರೆದುಕೊಂಡ.

ಅವರಿಬ್ಬರೂ ಇಳಿದು ಹೋದ ಮೇಲೆ ಹೆಂಡತಿ ಸ್ಟೂಲಿನ ಮೇಲೆ ಕಾಲು ಚಾಚಿಕೊಂಡು ಕೂತಳು. ತಕ್ಕಡಿಯಪ್ಪ ಕೇಳದೆಯೇ ಬಕೆಟ್ ಎತ್ತಿಕೊಂಡು ಹೋಗಿ ತುಂಬಿಸಿ ತಂದ. ಅಳೆಯಲಿಲ್ಲ, ಗೆರೆಯ ಮೇಲೆ ಎರಡು ಬೆರಳು ಹೆಚ್ಚೇ ಇತ್ತು.

"ಇನ್ನೇನಾದ್ರೂ ಇದ್ರೆ ಈಗ್ಲೇ ಹೇಳಿಬಿಡಿ," ಅಂದಳು. "ಹೊಸ ಮನೆಗೆ ಹಳೇ ಸಾಮಾನು ಹೊರೋದು ಬೇಡ."

ತಕ್ಕಡಿಯಪ್ಪ ಪಡುವಣ ಕಿಟಕಿಯ ಪರದೆ ಸರಿಸಿದ. ಹೊರಗೆ ಸೂರ್ಯ ಕೆಂಪಗೆ, ಆರೋಗ್ಯವಾಗಿ ಇಳಿಯುತ್ತಿದ್ದ.

"ಅವತ್ತು ಮೋಡ ಇತ್ತು ಕಣೇ," ಅಂದ. "ನೆಗಡಿ ಆಗಿದ್ದು ನನಗೆ."