ರಮ್ಯಾಳ ಕಾರ್ಡು

ರಮ್ಯಾ ನನಗಿಂತ ಒಂದೂವರೆ ವರ್ಷಕ್ಕೆ ಚಿಕ್ಕವಳು, ಒಡಹುಟ್ಟಿದ ತಂಗಿ. ಅವಳು ನನಗೆ ಓದು ಹೇಳಿಕೊಡಲು ಕೂತ ದಿನದಿಂದ ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಹಿರಿಯೂರಿನ ಕಾಲೇಜಿಗೆ ಹೋಗುವ ಈ ವಯಸ್ಸಿನಲ್ಲಿ ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಮ್ಮೂರ ಶಾಲೆಯಲ್ಲಿ ಒಂದು, ಎರಡು, ಮೂರನೇ ತರಗತಿಗಳಿಗೆ ಒಂದೇ ಕೋಣೆ. ಅದಕ್ಕೆ ನಲಿಕಲಿ ಎಂದು ಹೆಸರು. ಗೋಡೆಯ ಮೇಲೆ ಕಲಿಕೆಯ ಏಣಿ, ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾರ್ಡು. ಒಂದನ್ನು ಓದಿ ಮುಗಿಸಿದರೆ ಮುಂದಿನದು ಸಿಗುತ್ತಿತ್ತು. ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಿದ್ದೆವು. ಆ ಗುಂಪುಗಳಿಗೆ ತಟ್ಟೆ ಎನ್ನುತ್ತಿದ್ದರು. "ಅವರವರ ವೇಗಕ್ಕೆ ಅವರವರು ಹತ್ಲಿ, ಅವಸರ ಇಲ್ಲ" ಎಂದು ತೇಜಸ್ವಿನಿ ಮೇಡಂ ಬಂದವರಿಗೆಲ್ಲ ಹೇಳುತ್ತಿದ್ದರು. ಮಾತೇನೋ ಚೆನ್ನಾಗಿಯೇ ಇತ್ತು. ಆದರೆ ಏಣಿ ಗೋಡೆಯ ಮೇಲಿತ್ತಲ್ಲ, ಯಾರು ಎಲ್ಲಿ ನಿಂತಿದ್ದಾರೆಂದು ಊರಿಗೆಲ್ಲ ಕಾಣುತ್ತಿತ್ತು.

ನಾನು ಮೂರನೇ ತರಗತಿ, ರಮ್ಯಾ ಎರಡನೆಯದು. ದಸರಾ ರಜೆ ಬರುವಷ್ಟರಲ್ಲಿ ಅವಳು ನನ್ನನ್ನು ದಾಟಿ ನಾಲ್ಕು ಮೆಟ್ಟಿಲು ಮೇಲಿದ್ದಳು. ಮೇಡಂ ನನ್ನನ್ನು ಸಹಪಾಠಿಗಳ ನೆರವಿನ ತಟ್ಟೆಗೆ ಹಾಕಿ, ನೆರವಿಗೆ ಅವಳನ್ನೇ ಕೂರಿಸಿದರು. ಅಕ್ಕತಂಗಿಯರು, ಹೊಂದಿಕೊಂಡು ಓದುತ್ತಾರೆ ಎಂದುಕೊಂಡಿರಬೇಕು. ಅವರಿಗೆ ತಂಗಿ ಇರಲಿಲ್ಲ.

ಬಿಸಿಯೂಟದ ನಿಂಗಕ್ಕ ಸೌಟು ಹಿಡಿದು ಬಾಗಿಲಲ್ಲೇ ನಿಂತು ನಕ್ಕಳು. "ಮೊದ್ಲು ಬಂದ ಕಿವಿಗಿಂತ ಆಮ್ಯಾಲೆ ಬಂದ ಕೋಡೇ ಉದ್ದ ಅಂತಾರಲ್ಲ, ಇಲ್ಲೇ ಐತೆ ನೋಡ್ರಿ ಮೇಡಂ."

ನನಗೆ ಓದಲು ಬರುತ್ತಿರಲಿಲ್ಲ ಎಂದಲ್ಲ. ನಿಧಾನ, ಅಷ್ಟೆ. ಒತ್ತಕ್ಷರ ಕಂಡಲ್ಲಿ ನಿಂತು, ಮೇಲಿನದಕ್ಕೆ ಕೆಳಗಿನದನ್ನು ಕೂಡಿಸಿ ಬಾಯಿಗೆ ತರುವ ಹೊತ್ತಿಗೆ ರಮ್ಯಾ ಪಟ್ಟನೆ ಹೇಳಿಬಿಡುತ್ತಿದ್ದಳು. "ಬೆಳ್ಳುಳ್ಳಿ, ಅಕ್ಕ." "ಹುಣ್ಣಿಮೆ, ಅಕ್ಕ." ನನ್ನ ನಾಲಿಗೆ ತುದಿಗೆ ಬಂದ ಪದವೆಲ್ಲ ಅವಳ ಪಾಲಾಗುತ್ತಿತ್ತು. ಒಂದೇ ಒಂದು ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಓದಬೇಕು, ಅವಳು ಬಾಯಿ ಹಾಕಬಾರದು. ನನಗೆ ಬೇಕಾಗಿದ್ದು ಇಷ್ಟೇ.

ಒಂದು ದಿನ ಅವಳ ಮುಂದಿನ ಕಾರ್ಡನ್ನೇ ಕದ್ದು ಚೀಲಕ್ಕೆ ಹಾಕಿಕೊಂಡೆ. ಆ ಸಂಖ್ಯೆಯದು ಅದೊಂದೇ ಇತ್ತು, ಮೆಟ್ಟಿಲು ಹಾರುವಂತಿಲ್ಲ ಎಂಬುದು ಮೇಡಂ ನಿಯಮ. ಮೇಡಂ ಪೆಟ್ಟಿಗೆ ಮಗುಚಿ ಹುಡುಕಿದರು. ರಮ್ಯಾ ಹಳೆಯ ಕಾರ್ಡನ್ನೇ ಮತ್ತೆ ಮತ್ತೆ ಓದುತ್ತ ಕೂತಳು. ಆ ದಿನಗಳಲ್ಲಿ ಬಿಸಿಯೂಟದ ಸಾರು ನನಗೆ ಬಹಳ ರುಚಿಯಾಗಿತ್ತು.

ಕಾರ್ಡು ನಮ್ಮ ಮನೆಯ ಅಟ್ಟದ ಮೇಲೆ, ಕೊಬ್ಬರಿಯಾಗಲೆಂದು ಹರವಿದ್ದ ತೆಂಗಿನಕಾಯಿಗಳ ನಡುವೆ ಇತ್ತು. ದಿನಾ ಸಂಜೆ ಹತ್ತಿ, ಅಲ್ಲೇ ಇದೆಯೇ ಎಂದು ನೋಡುತ್ತಿದ್ದೆ. ನೋಡುತ್ತ ನೋಡುತ್ತ ಓದತೊಡಗಿದೆ. ಮೊದಲ ದಿನ ಎರಡು ಸಾಲು. ಮರುದಿನ ಅವೇ ಎರಡು, ಜೊತೆಗೆ ಮತ್ತೊಂದು. ಬೆಕ್ಕು ತನ್ನ ಮದುವೆಗೆ ಇಲಿಗಳನ್ನೆಲ್ಲ ಕರೆಯುತ್ತದೆ. ಇಲಿಗಳು ಉಡುಗೊರೆ ಕಳಿಸುತ್ತವೆ, ತಾವು ಮಾತ್ರ ಹೋಗುವುದಿಲ್ಲ. ಐದನೇ ದಿನ ಕೊನೆಯ ಸಾಲು ಮುಟ್ಟಿ ಒಬ್ಬಳೇ ನಕ್ಕೆ. ಓದಿ ನಕ್ಕಿದ್ದು ಅದೇ ಮೊದಲು.

ಕೆಳಗಿನಿಂದ ಅವ್ವ ಕೇಳಿದಳು, "ಯಾಕೇ, ಒಬ್ಳೇ ನಗ್ತೀಯ?"

"ಏನಿಲ್ಲ ಬಿಡವ್ವ."

ಸಂಕಟ ಶುರುವಾಗಿದ್ದೇ ಆಮೇಲೆ. ಓದಿದ್ದನ್ನು ಯಾರಿಗೆ ಹೇಳುವುದು? ಹೇಳಿದರೆ ಕಳ್ಳಿ, ಹೇಳದಿದ್ದರೆ ದಡ್ಡಿ. ಎರಡು ದಿನ ತಡೆದುಕೊಂಡೆ. ಮೂರನೆಯ ದಿನ, ದಡ್ಡಿಗಿಂತ ಕಳ್ಳಿಯೇ ವಾಸಿ ಅನ್ನಿಸಿತು.

"ಮೇಡಂ, ನಾನೊಂದು ಓದ್ತೀನಿ" ಎಂದು ಚೀಲದಿಂದ ಕಾರ್ಡು ತೆಗೆದು ಎದ್ದು ನಿಂತೆ. ನಿಧಾನವಾಗಿಯೇ ಓದಿದೆ. ಒತ್ತಕ್ಷರ ಬಂದಲ್ಲೆಲ್ಲ ನಿಂತೆ. ಪಕ್ಕದಲ್ಲಿದ್ದ ರಮ್ಯಾಗೆ ಬಾಯಿ ಹಾಕಲು ಆಗಲಿಲ್ಲ, ಅವಳು ಆ ಕಾರ್ಡನ್ನು ನೋಡಿರಲೇ ಇಲ್ಲ. ಇಲಿಗಳು ಮದುವೆಗೆ ಹೋಗಲಿಲ್ಲ ಎಂದಾಗ ಕೋಣೆಯೆಲ್ಲ ನಕ್ಕಿತು.

"ಎಲ್ಲಿತ್ತು ಅನುಸೂಯ, ಇದು?" ಮೇಡಂ ಕೇಳಿದರು.

"ನಾನೇ ಕದ್ದಿದ್ದೆ ಮೇಡಂ."

ಮೇಡಂ ಬೈಯುವ ಮೊದಲೇ ರಮ್ಯಾ ಅಳತೊಡಗಿದಳು. "ಅದು ನಂದು. ನಾನ್ ಮೊದ್ಲು ಓದ್ಬೇಕಿತ್ತು."

ಹೊಟ್ಟೆಕಿಚ್ಚು ಒಳಗಿದ್ದು ಹೇಗೆ ಸುಡುತ್ತದೆಂದು ನನಗೆ ಗೊತ್ತಿತ್ತು. ಇನ್ನೊಬ್ಬರ ಮುಖದ ಮೇಲೆ, ಅದೂ ನನ್ನಿಂದಾಗಿ, ಕಂಡಿದ್ದು ಅವತ್ತೇ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಸಿಂಬಳ ಸುರಿಸುತ್ತಿದ್ದ ಆ ಮುಖಕ್ಕೆ ಏಳೇ ವರ್ಷ. ನನ್ನ ಖುಷಿ ಅಲ್ಲಿಗೇ ಕೆಟ್ಟಿತು.

"ತಗಾ, ನೀನೂ ಓದು. ನಾನು ಬಾಯಿ ಹಾಕಲ್ಲ" ಎಂದು ಕಾರ್ಡು ಚಾಚಿದೆ.

ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಇನ್ನೇನ್ ಓದ್ಲಿ? ಎಲ್ಲಾ ನೀನೇ ಹೇಳ್ಬಿಟ್ಯಲ್ಲ, ಅಕ್ಕ."